ತಮ್ಮನನ್ನು ಕಾಯುವ ಅಕ್ಕನನ್ನು ಕಾಯುವವರು ಯಾರು?

ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಣೆಯಾದಾಗ ನಮ್ಮ ಮನೆಗಳಲ್ಲೂ ಸಂಭ್ರಮ ಇತ್ತು. ಕನ್ನಡದ ಕೃತಿಗೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಸಣ್ಣಕತೆಗಳ ಸಂಕಲನವೊಂದಕ್ಕೆ ಬಂದದ್ದೂ ಅದೇ ಮೊದಲು. ಹಾಸನದ ಹೆಣ್ಣುಮಗಳೊಬ್ಬರು ನಮ್ಮಂಥವರ ಅಡುಗೆಮನೆಯ, ಹಿತ್ತಿಲಿನ ಮಾತುಗಳನ್ನು ಬರೆದು ಅಷ್ಟು ದೂರ ತಲುಪಿಸಿದರಲ್ಲ ಅಂತ ಎಲ್ಲರಿಗೂ ಹೆಮ್ಮೆ.

ಆ ಪುಸ್ತಕಕ್ಕೆ ಹೆಸರು ಕೊಟ್ಟ ಕತೆ ‘ಎದೆಯ ಹಣತೆ’. ಗಂಡ ಕೈಬಿಟ್ಟ ಮೇಲೆ ಮೆಹರುನ್ ಎಂಬ ತಾಯಿ ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನವರು ಸಮಾಧಾನ ಹೇಳಿ, ಗದರಿಸಿ, ಅವಳನ್ನು ಅದೇ ಮನೆಗೆ ವಾಪಸ್ ಬಿಟ್ಟು ಬರುತ್ತಾರೆ. ಆ ರಾತ್ರಿ ಅವಳು ಬದುಕೇ ಬೇಡ ಎಂದು ಹೊರಟಾಗ ಕೂಸಿನೊಂದಿಗೆ ಓಡಿಬಂದು ತಡೆಯುವುದು ದೊಡ್ಡ ಮಗಳು ಸಲ್ಮಾ. ಕತೆ ಓದಿದವರೆಲ್ಲ ಗಂಡನನ್ನು ಬೈದರು, ತವರಿನ ಅಣ್ಣಂದಿರನ್ನು ಬೈದರು. ಸಲ್ಮಾಳನ್ನು ಮಾತ್ರ ‘ಎಂಥ ಮಗಳಪ್ಪಾ’ ಅಂತ ಹೊಗಳಿ ಮುಂದೆ ಹೋದರು. ನಾವೂ ಹಾಗೇ ಮಾಡಿದೆವು.

ಈ ವಾರ ಸಲ್ಮಾಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ ಅನ್ನಿಸಿತು. ಮರುದಿನ ಬೆಳಗ್ಗೆ ಅವಳು ಎದ್ದು ಏನು ಮಾಡಿರಬಹುದು? ಕೂಸಿಗೆ ಹಾಲು ಕಾಯಿಸಿರಬಹುದು. ಚಿಕ್ಕವರಿಗೆ ತಲೆ ಬಾಚಿರಬಹುದು. ಆಮೇಲೆ ಪ್ರತಿ ರಾತ್ರಿ ಅರ್ಧ ನಿದ್ದೆಯಲ್ಲಿ ಕಿವಿ ತೆರೆದುಕೊಂಡೇ ಮಲಗಿರಬಹುದು. ಕತೆಯಲ್ಲಿ ಅದು ಒಂದು ರಾತ್ರಿ. ನಮ್ಮ ನಡುವಿನ ಕೆಲವು ಮನೆಗಳಲ್ಲಿ ಅದು ವರ್ಷಗಟ್ಟಲೆ ನಡೆಯುವ ಕೆಲಸ.

ಊರಲ್ಲಿ ಇದ್ದ ಬಾಗಿಲು

ಕರಾವಳಿಯಿಂದ ಬೆಂಗಳೂರಿಗೆ ಬಂದ ನಮ್ಮವರು ನಗರದ ಎಲ್ಲ ದಿಕ್ಕಿಗೂ ಹರಡಿದ್ದಾರೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯೂ ಹೋಟೆಲ್, ಬೇಕರಿ, ಅಂಗಡಿ ನಡೆಸುವವರು, ಚಾಲಕರು, ಕಂಪನಿ ಕೆಲಸದವರು ಬಾಡಿಗೆ ಮನೆ ಹಿಡಿದು ಸಂಸಾರ ಹೂಡಿದ್ದಾರೆ. ಮಕ್ಕಳು ಇಲ್ಲಿನ ಶಾಲೆಗೆ ಹೋಗುತ್ತಾರೆ, ಮನೆಯೊಳಗೆ ಬ್ಯಾರಿ, ಹೊರಗೆ ಬೆಂಗಳೂರು ಕನ್ನಡ ಮಾತಾಡುತ್ತಾರೆ. ಅನೇಕರ ಬದುಕು ಊರಿಗಿಂತ ಚೆನ್ನಾಗಿದೆ. ಅಲ್ಹಮ್ದುಲಿಲ್ಲಾಹ್.

ಆದರೆ ಒಂದು ವ್ಯತ್ಯಾಸ ಉಂಟು. ಬಂಟ್ವಾಳದಲ್ಲೋ ಉಳ್ಳಾಲದಲ್ಲೋ ಮನೆಯಲ್ಲಿ ಜಗಳ ಜೋರಾದರೆ ಅಜ್ಜಿ ಎದ್ದು ಬರುತ್ತಾರೆ. ಅಜ್ಜಿ ಇಲ್ಲದಿದ್ದರೆ ಪಕ್ಕದ ಮನೆಯ ಚಿಕ್ಕಪ್ಪ. ಯಾರೂ ಇಲ್ಲದಿದ್ದರೂ ಮಕ್ಕಳು ಹಿತ್ತಿಲ ಬಾಗಿಲಿನಿಂದ ಓಡಿ ಇನ್ನೊಂದು ಅಡುಗೆಮನೆ ಸೇರಿಕೊಳ್ಳಬಹುದು. ‘ಬನ್ನಿ ಮಕ್ಕಳೇ, ಇಲ್ಲೇ ಉಣ್ಣಿ’ ಅನ್ನುವವರು ಇರುತ್ತಾರೆ. ಊರಿನದ್ದೆಲ್ಲ ಚಂದ ಅಂತ ನಾವು ಹೇಳುವುದಿಲ್ಲ. ‘ಸುಮ್ಮನಿರು’ ಅಂತ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವವರೂ ಅದೇ ಅಜ್ಜಿ, ಅದೇ ಚಿಕ್ಕಪ್ಪ. ಆದರೂ ಜಗಳಕ್ಕೂ ಮಕ್ಕಳಿಗೂ ನಡುವೆ ಒಬ್ಬರು ದೊಡ್ಡವರು ಇರುತ್ತಿದ್ದರು.

ಇಲ್ಲಿ ಎರಡನೇ ಮಹಡಿಯ ಮನೆ. ಒಂದು ಹಾಲ್, ಒಂದು ಕೋಣೆ. ಎದುರು ಮನೆಯ ಬಾಗಿಲು ಸದಾ ಮುಚ್ಚಿರುತ್ತದೆ, ಗದ್ದಲ ಕೇಳಿದರೆ ಇನ್ನೂ ಬಿಗಿಯಾಗಿ ಮುಚ್ಚುತ್ತದೆ. ಓನರ್‌ಗೆ ಗೊತ್ತಾದರೆ ಮನೆ ಖಾಲಿ ಮಾಡಿಸುತ್ತಾರೆ ಎಂಬ ಹೆದರಿಕೆ ಬೇರೆ. ಮುಸ್ಲಿಮರಿಗೆ ಬಾಡಿಗೆ ಮನೆ ಸಿಗುವುದೇ ಎಷ್ಟು ಕಷ್ಟ ಅಂತ ಮನೆ ಹುಡುಕಿದವರಿಗೆ ಗೊತ್ತು. ಊರಿಗೆ ಫೋನ್ ಮಾಡಿದರೆ ಶಿರಾಡಿ ಘಾಟಿ ದಾಟಿ ಬರಲು ಒಂದು ರಾತ್ರಿ ಬೇಕು. ಆ ಒಂದು ರಾತ್ರಿಯಲ್ಲಿ ಜಗಳಕ್ಕೂ ಚಿಕ್ಕ ಮಕ್ಕಳಿಗೂ ನಡುವೆ ಉಳಿಯುವುದು ದೊಡ್ಡ ಮಗು ಮಾತ್ರ. ಅದಕ್ಕೆ ಹದಿಮೂರು, ಹದಿನಾಲ್ಕು ವರ್ಷ.

ಮುಂದೆ ಹೇಳುವುದು ಯಾವುದೇ ಒಂದು ಮನೆಯ ಕತೆ ಅಲ್ಲ. ಇಂಥ ಮನೆಗಳನ್ನು ಹತ್ತಿರದಿಂದ ಬಲ್ಲವರು ತಲೆಯಾಡಿಸುತ್ತಾರೆ, ಅಷ್ಟೇ. ಆ ಮಗುವಿಗೆ ಮೆಟ್ಟಿಲ ಮೇಲಿನ ಚಪ್ಪಲಿ ಸದ್ದಿನಲ್ಲೇ ಉಪ್ಪನ ಸಿಟ್ಟು ಎಷ್ಟಿದೆ ಅಂತ ಗೊತ್ತಾಗುತ್ತದೆ. ಮಾತು ಏರುವ ಮೊದಲೇ ತಮ್ಮನನ್ನು ಎತ್ತಿಕೊಂಡು ಟೆರೇಸಿಗೆ ಹೋಗುತ್ತಾಳೆ. ಮಳೆ ಇದ್ದರೆ ಟಿವಿಯ ವಾಲ್ಯೂಮ್ ಜಾಸ್ತಿ ಮಾಡುತ್ತಾಳೆ. ಉಮ್ಮ ಅಳುತ್ತಾ ಮಲಗಿದ ದಿನ ತಂಗಿಯ ಟಿಫಿನ್ ಡಬ್ಬಿಗೆ ಬ್ರೆಡ್ಡು ಜಾಮು ಹಾಕಿ ಕಳಿಸುತ್ತಾಳೆ. ಸಾಲ ಕೇಳಲು ಬಂದವರಿಗೆ ಬಾಗಿಲ ಸಂದಿಯಿಂದ ‘ಉಪ್ಪ ಮನೆಯಲ್ಲಿಲ್ಲ’ ಅನ್ನುತ್ತಾಳೆ. ಶಾಲೆಯಲ್ಲಿ ಟೀಚರ್ ‘ಏನಮ್ಮ, ನಿದ್ದೆ ಮಾಡಿಲ್ವಾ’ ಅಂದರೆ ‘ಓದ್ತಾ ಇದ್ದೆ ಮಿಸ್’ ಅನ್ನುತ್ತಾಳೆ.

ಗಂಡುಮಕ್ಕಳ ಪಾಲೂ ಕಡಿಮೆ ಇಲ್ಲ. ದೊಡ್ಡ ಮಗ ಪಿಯುಸಿ ಬಿಟ್ಟು ಬೇಕರಿಯ ಕೌಂಟರಿಗೆ ನಿಲ್ಲುತ್ತಾನೆ. ಸಂಬಳವನ್ನು ಉಪ್ಪನ ಕೈಗೆ ಕೊಟ್ಟರೆ ಎಲ್ಲಿ ಹೋಗುತ್ತದೆ ಅಂತ ಗೊತ್ತಿರುವುದರಿಂದ ತಂಗಿಯ ಫೀಸನ್ನು ತಾನೇ ಹೋಗಿ ಕಟ್ಟುತ್ತಾನೆ. ಉಪ್ಪನ ಕೈ ಮೇಲೆದ್ದ ದಿನ ನಡುವೆ ನಿಲ್ಲುತ್ತಾನೆ. ಹೊಡೆತ ತಿನ್ನುತ್ತಾನೆ, ಅಥವಾ ತಿರುಗಿ ಕೈ ಎತ್ತುತ್ತಾನೆ. ಎರಡರಲ್ಲಿ ಯಾವುದಾದರೂ ಅವನೊಳಗೆ ಜೀವನ ಪೂರ್ತಿ ಉಳಿಯುತ್ತದೆ.

ಗೊಂದಲ ಎಲ್ಲಿಂದ ಬರುತ್ತದೆ

ಇಂಥ ಮನೆಗಳೆಲ್ಲ ‘ಕೆಟ್ಟ’ ಮನೆಗಳಲ್ಲ. ಹೆಚ್ಚಿನ ಕಡೆ ಮೊದಲು ಬಂದದ್ದು ಸಾಲ. ಮೈಕ್ರೊ ಫೈನಾನ್ಸ್ ವಸೂಲಿಯ ಕಿರುಕುಳ ಎಲ್ಲಿಗೆ ಮುಟ್ಟಿತ್ತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿ ಬರೆಯಲಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಮೊಬೈಲಿನಲ್ಲಿ ರಮ್ಮಿ ಆಡಿ ದುಡಿದದ್ದೆಲ್ಲ ಕಳೆದುಕೊಂಡ ಗಂಡಸರು ನಮ್ಮಲ್ಲಿಲ್ಲ ಅಂತ ಹೇಳುವ ಧೈರ್ಯ ನಮಗಿಲ್ಲ. ಕಾನೂನು ಬಂತು. ಕಳೆದುಹೋದ ಹಣದ ಸಿಟ್ಟು ಮನೆಯಲ್ಲೇ ಉಳಿಯಿತು.

ಇನ್ನೊಂದು ಕಾರಣ ಮನಸ್ಸಿನ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಬಹುತೇಕ ಕಾಯಿಲೆಗಳಲ್ಲಿ ಹತ್ತರಲ್ಲಿ ಏಳಕ್ಕೂ ಹೆಚ್ಚು ಜನ ಚಿಕಿತ್ಸೆ ಪಡೆಯುತ್ತಿರಲಿಲ್ಲ. ಅಂದರೆ ‘ಅವರ ಸ್ವಭಾವವೇ ಹಾಗೆ’ ಅಂತ ಮನೆಯವರು ಹತ್ತು ವರ್ಷ ಸಹಿಸಿಕೊಂಡದ್ದು ಬಹಳ ಸಲ ಮದ್ದು ಇರುವ ಕಾಯಿಲೆ. ಹೆರಿಗೆಯಾದ ಮೇಲೆ ಕೂಸನ್ನು ಮುಟ್ಟದ ಉಮ್ಮ ‘ಸೋಮಾರಿ’ ಅನ್ನಿಸಿಕೊಳ್ಳುತ್ತಾಳೆ. ಕೂಸು ಒಂಬತ್ತು ವರ್ಷದ ಅಕ್ಕನ ಸೊಂಟ ಸೇರುತ್ತದೆ.

ಗಲ್ಫಿನಲ್ಲಿ ಗಂಡ, ಇಲ್ಲಿ ಒಬ್ಬಳೇ ಉಮ್ಮ ಇರುವ ಮನೆಗಳುಂಟು. ತಲಾಖಿನ ಮಾತು ಬಾಯಿಗೆ ಬಂದು ಅರ್ಧದಲ್ಲಿ ನಿಂತ ಮನೆಗಳುಂಟು. ಅಮಲಿಗೆ ಬಿದ್ದವರ ಮನೆಗಳೂ ಉಂಟು, ನಾವು ಒಪ್ಪಲಿ, ಬಿಡಲಿ. ಕಾರಣ ಏನೇ ಇರಲಿ, ಪರಿಣಾಮ ಒಂದೇ. ದೊಡ್ಡವರ ಕೈಯಿಂದ ಜಾರಿದ ಭಾರ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರೀತಿ, ಎಲ್ಲಕ್ಕಿಂತ ಕಡಿಮೆ ಅಧಿಕಾರ ಇರುವ ಮಗುವಿನ ಮೇಲೆ ಬೀಳುತ್ತದೆ.

ಹೊಗಳಿಕೆಯ ಬಲೆ

ಇಲ್ಲಿ ನಾವೆಲ್ಲರೂ ಮಾಡುವ ಒಂದು ತಪ್ಪು ಇದೆ. ಆ ಮಗುವನ್ನು ಹೊಗಳುವುದು. ‘ನಿಮ್ಮ ದೊಡ್ಡವಳು ಇದ್ದಾಳಲ್ಲ, ನಿಮಗೆಂತ ಚಿಂತೆ.’ ‘ಹುಡುಗಿ ಅಂದ್ರೆ ಹೀಗಿರ್ಬೇಕು ನೋಡಿ, ಇಡೀ ಮನೆ ನೋಡ್ಕೊಳ್ತಾಳೆ.’ ಮದುವೆ ಮನೆಯಲ್ಲಿ, ಈದ್ ದಿನ, ಊರಿನಿಂದ ಬಂದ ಅತ್ತೆ, ಮಾಮಂದಿರು ಇದನ್ನೇ ಹೇಳಿ ಹೋಗುತ್ತಾರೆ. ಹೊಗಳಿದವರಿಗೆ ಸಮಾಧಾನ, ಮನೆಯ ವ್ಯವಸ್ಥೆ ಹೇಗೋ ನಡೀತಾ ಉಂಟು ಅಂತ. ಕೇಳಿದ ಮಗುವಿಗೆ ಅರ್ಥ ಆಗುವುದೇ ಬೇರೆ: ನಾನು ಸುಸ್ತಾದೆ ಅಂದರೆ ಎಲ್ಲ ಬಿದ್ದುಹೋಗುತ್ತದೆ, ಆದ್ದರಿಂದ ಅನ್ನಬಾರದು.

ಆ ಮಗು ದೊಡ್ಡದಾದ ಮೇಲೂ ಇದು ಮುಗಿಯುವುದಿಲ್ಲ. ಒಳ್ಳೆಯ ಮಾರ್ಕ್ಸ್ ಬಂದಿದ್ದರೂ ಹಾಸ್ಟೆಲಿಗೆ ಹೋಗಲು ಒಪ್ಪುವುದಿಲ್ಲ, ತಮ್ಮ ಒಬ್ಬನೇ ಆಗುತ್ತಾನಲ್ಲ ಅಂತ. ನಿಕಾಹ್ ಆಗಿ ಹೋದರೆ ಗಂಡನ ಮನೆಯಲ್ಲಿ ರಾತ್ರಿ ಫೋನ್ ಬಂದಾಗಲೆಲ್ಲ ಎದೆ ನಡುಗುತ್ತದೆ. ‘ನಾನು ಬಿಟ್ಟು ಬಂದೆ’ ಎಂಬ ಅಪರಾಧ ಭಾವ ಜೊತೆಗೇ ಬರುತ್ತದೆ. ಕಾಪಾಡಿಸಿಕೊಂಡ ತಮ್ಮನಿಗೂ ಒಂದು ಋಣದ ಭಾರ. ಅಕ್ಕನ ಜೊತೆ ಜಗಳ ಆಡಲೂ ಆಗುವುದಿಲ್ಲ, ಅವಳ ಮುಖ ನೋಡಿದರೆ ಹಳೆಯ ಮನೆ ನೆನಪಾಗುತ್ತದೆ. ಒಬ್ಬರನ್ನೊಬ್ಬರು ಅಷ್ಟು ಪ್ರೀತಿಸಿದ ಅಣ್ಣ ತಂಗಿಯರು ದೊಡ್ಡವರಾದ ಮೇಲೆ ದೂರ ದೂರ ಇರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತು. ಕಾಪಾಡುವುದು ಮುಚ್ಚಿಡುವುದಾಗಿ ಬದಲಾಗುವ ಗಳಿಗೆ ಒಂದಿದೆ. ತಮ್ಮ ಕಾಲೇಜಿಗೆ ಹೋಗುವುದು ಬಿಟ್ಟು ಗಾಂಜಾ ಸೇದುವವರ ಜೊತೆ ಸೇರಿದ್ದಾನೆ ಅಂತ ಮೊದಲು ಗೊತ್ತಾಗುವುದು ಅಕ್ಕನಿಗೆ. ಉಪ್ಪನಿಗೆ ಹೇಳಿದರೆ ಬೆಲ್ಟು ತೆಗೆಯುತ್ತಾರೆ ಅಂತಲೂ ಅವಳಿಗೆ ಗೊತ್ತು. ಆದ್ದರಿಂದ ಅವಳು ಹೇಳುವುದಿಲ್ಲ. ತನ್ನ ಉಳಿತಾಯದಿಂದ ಅವನ ಸಾಲ ತೀರಿಸುತ್ತಾಳೆ. ಮುಚ್ಚಿಟ್ಟದ್ದು ತಪ್ಪು ಅಂತ ನಾವು ಆಮೇಲೆ ಅವಳನ್ನೇ ದೂರುತ್ತೇವೆ. ಹೊಡೆಯದೆ ಕೇಳಿಸಿಕೊಳ್ಳುವ ಒಬ್ಬರು ದೊಡ್ಡವರು ಮನೆಯಲ್ಲಿ ಇರಲಿಲ್ಲ ಎಂಬುದು ದೂರುವವರ ಲೆಕ್ಕಕ್ಕೆ ಬರುವುದಿಲ್ಲ.

ಕಾನೂನಿನ ಲೆಕ್ಕದಲ್ಲಿ ಒಡಹುಟ್ಟಿದವರು

ಮನೆಯವರು ಒಡಹುಟ್ಟಿದವರ ಮೇಲೆ ಇಷ್ಟು ಭಾರ ಹಾಕುವಾಗ ಸರಕಾರದ ಕಾಗದಗಳು ಅವರನ್ನು ಹೇಗೆ ನೋಡುತ್ತವೆ? ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯನ್ನೇ ತಗೊಳ್ಳಿ, ಈ ಭಾಗದ ದುಡಿಯುವ ಜನರಿಗೆ ಪರಿಚಿತ ಜಾಗ. ಕೆಲಸಗಾರನ ಕಾರ್ಡಿನಲ್ಲಿ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿಗೆ ಚಿಕಿತ್ಸೆ ಸಿಗುತ್ತದೆ. ತಮ್ಮ, ತಂಗಿಗೆ? 2010ರ ತಿದ್ದುಪಡಿಯಲ್ಲಿ ಅವರನ್ನೂ ಕುಟುಂಬಕ್ಕೆ ಸೇರಿಸಿದರು, ಆದರೆ ಷರತ್ತು ಹಾಕಿ. ಕೆಲಸಗಾರ ಅವಿವಾಹಿತನಾಗಿರಬೇಕು, ತಂದೆತಾಯಿ ಇಬ್ಬರೂ ತೀರಿಕೊಂಡಿರಬೇಕು, ತಮ್ಮ ಅಥವಾ ತಂಗಿ ಅಪ್ರಾಪ್ತರಾಗಿದ್ದು ಪೂರ್ತಿ ಅವನ ದುಡಿಮೆಯನ್ನೇ ನಂಬಿರಬೇಕು. ತಂದೆ ಬದುಕಿದ್ದೂ ಮನೆ ನೋಡದೆ ಇದ್ದರೆ ಆ ಲೆಕ್ಕಕ್ಕೆ ಬರುವುದಿಲ್ಲ. ನಾವು ಹೇಳುತ್ತಿರುವ ಮನೆಗಳು ಇರುವುದೇ ಅಲ್ಲಿ.

2023ರಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಒಂದು ಪ್ರಕರಣ ಬಂತು. ವಿದ್ಯುತ್ ಕಂಪನಿಯ ನೌಕರನೊಬ್ಬ ತೀರಿಕೊಂಡಿದ್ದ, ಸಹೋದರಿ ಅನುಕಂಪದ ನೌಕರಿ ಕೇಳಿದ್ದಳು. ನಿಯಮದಲ್ಲಿರುವ ‘ಕುಟುಂಬ’ ಎಂಬ ಪದದೊಳಗೆ ಸಹೋದರಿ ಬರುವುದಿಲ್ಲ ಎಂದು ಕೋರ್ಟ್ ಹೇಳಿತು. ನಿಯಮ ಇದ್ದ ಹಾಗೆ ಓದಿದರೆ ಅದು ಸರಿಯೇ. ಆದರೆ ಗಮನಿಸಿ, ಮನೆಯಲ್ಲಿ ಕರ್ತವ್ಯ ಹಂಚುವಾಗ ಅಕ್ಕ, ಅಣ್ಣ ಮೊದಲ ಸಾಲಿನಲ್ಲಿದ್ದಾರೆ. ಹಕ್ಕು ಹಂಚುವಾಗ ಅವರ ಹೆಸರು ಪಟ್ಟಿಯಲ್ಲೇ ಇಲ್ಲ.

ಬೇರೆ ದೇಶಗಳು ಈ ಮಕ್ಕಳನ್ನು ಕನಿಷ್ಠ ಎಣಿಸಿವೆ. ಮನೆಯಲ್ಲಿ ಇನ್ನೊಬ್ಬರನ್ನು ನೋಡಿಕೊಳ್ಳುವ ಮಕ್ಕಳ ಸ್ಥಿತಿಯನ್ನು ಸ್ಥಳೀಯ ಆಡಳಿತವೇ ಬಂದು ಪರಿಶೀಲಿಸಬೇಕು ಅಂತ ಇಂಗ್ಲೆಂಡಿನಲ್ಲಿ 2014ರಲ್ಲೇ ಕಾನೂನು ಆಯಿತು. ಅಲ್ಲಿನ 2021ರ ಜನಗಣತಿಯಲ್ಲಿ 5ರಿಂದ 17 ವರ್ಷದೊಳಗಿನ ಇಂಥ ಮಕ್ಕಳು ಸುಮಾರು 1,20,000 ಎಂದು ಲೆಕ್ಕ ಸಿಕ್ಕಿತು. ನಮ್ಮಲ್ಲಿ ಈ ಮಕ್ಕಳಿಗೆ ಒಂದು ಹೆಸರೂ ಇಲ್ಲ. ‘ಒಳ್ಳೆ ಹುಡುಗಿ’ ಎಂಬ ಹೆಸರು ಬಿಟ್ಟರೆ.

ಹಾಗಂತ ನಮ್ಮ ಕಾನೂನು ಪೂರ್ತಿ ಕುರುಡೂ ಅಲ್ಲ. 2015ರ ಬಾಲನ್ಯಾಯ ಕಾಯ್ದೆ ತನ್ನ ಮೂಲ ತತ್ವಗಳಲ್ಲಿ ಒಂದನ್ನು ಸ್ಪಷ್ಟವಾಗಿ ಬರೆದಿದೆ. ಮಗುವಿನ ಆರೈಕೆ, ಪೋಷಣೆ, ರಕ್ಷಣೆಯ ಮೊದಲ ಹೊಣೆ ಹೆತ್ತವರದ್ದು, ಅಥವಾ ದತ್ತು ಪಡೆದ, ಸಾಕುವ ಪೋಷಕರದ್ದು. ಅಕ್ಕನದ್ದು ಅಂತ ಎಲ್ಲೂ ಇಲ್ಲ. ಹೆತ್ತವರಿಗೆ ಆ ಹೊಣೆ ಹೊರಲು ಆಗದಿದ್ದರೆ ಮುಂದಿನ ಹೊಣೆ ಸಮಾಜದ್ದು, ಸರಕಾರದ್ದು. ಒಂಬತ್ತನೇ ಕ್ಲಾಸಿನ ಹುಡುಗಿಯದ್ದಲ್ಲ.

ಹೆದರಿಕೆಗಳು ಸುಳ್ಳಲ್ಲ

‘ಹೊರಗೆ ಹೇಳಿದರೆ ಮರ್ಯಾದೆ ಹೋಗುತ್ತದೆ’ ಎಂಬ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಮುಸ್ಲಿಂ ಮನೆಯ ಜಗಳವೊಂದು ಟಿವಿಯಲ್ಲಿ ಸಮುದಾಯದ ಮೇಲಿನ ತೀರ್ಪಾಗುವುದನ್ನು ನಾವು ನೋಡಿದ್ದೇವೆ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ನಮ್ಮ ಹೆಂಗಸರಿಗೆ ಎರಡು ಪಟ್ಟು ಅಂಜಿಕೆ. ಆದರೆ ಮನೆಯ ಮರ್ಯಾದೆಯನ್ನು ಕಾಯುವ ಕೆಲಸವನ್ನು ಹದಿಮೂರು ವರ್ಷದ ಮಗುವಿಗೆ ಕೊಡುವುದು ಯಾವ ಮರ್ಯಾದೆ? ಕೇಳಿಕೊಳ್ಳಬೇಕು.

ಮಕ್ಕಳ ಹೆದರಿಕೆ ಬೇರೆ. ‘ನಾನು ಬಾಯಿಬಿಟ್ಟರೆ ನಮ್ಮನ್ನು ಬೇರೆ ಬೇರೆ ಮಾಡುತ್ತಾರೆ. ತಂಗಿಯನ್ನು ಎಲ್ಲಿಗೋ ಕಳಿಸುತ್ತಾರೆ.’ ದೊಡ್ಡ ಮಗು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿರುವುದಕ್ಕೆ ಇದೇ ದೊಡ್ಡ ಕಾರಣ. ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಅಂತ ಮಕ್ಕಳಿಗೂ ದೊಡ್ಡವರಿಗೂ ಗೊತ್ತಿರಬೇಕು. ಮಗುವನ್ನು ಸಂಸ್ಥೆಗೆ ಸೇರಿಸುವುದು ಎಲ್ಲ ದಾರಿ ಮುಗಿದ ಮೇಲಿನ ದಾರಿ ಎನ್ನುತ್ತದೆ ಬಾಲನ್ಯಾಯ ಕಾಯ್ದೆ. ಸಾಕು ಕುಟುಂಬಕ್ಕೆ ಕೊಡಬೇಕಾಗಿ ಬಂದರೂ ಒಡಹುಟ್ಟಿದವರನ್ನು ಒಟ್ಟಿಗೇ ಇಡಲು ಎಲ್ಲ ಪ್ರಯತ್ನ ಮಾಡಬೇಕು ಎಂದು 44ನೇ ಕಲಮಿನಲ್ಲಿದೆ. ಒಟ್ಟಿಗೆ ಇಡುವುದು ಮಕ್ಕಳ ಹಿತಕ್ಕೆ ವಿರುದ್ಧವಾದಾಗ ಮಾತ್ರ ಬೇರೆ ಮಾತು.

ತಟ್ಟಬಹುದಾದ ಬಾಗಿಲುಗಳು

ಮಕ್ಕಳ ಸಹಾಯವಾಣಿ 1098. ಮಗುವೇ ಕರೆ ಮಾಡಬಹುದು, ದುಡ್ಡು ಬೇಡ. ಪಕ್ಕದ ಮನೆಯವರೂ ಮಾಡಬಹುದು. ಆರೈಕೆ, ರಕ್ಷಣೆ ಬೇಕಾದ ಮಗುವಿನ ವಿಷಯ ಬರುವುದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಅಲ್ಲಿ ಅಧ್ಯಕ್ಷರ ಜೊತೆ ನಾಲ್ವರು ಸದಸ್ಯರಿರುತ್ತಾರೆ, ಕನಿಷ್ಠ ಒಬ್ಬರು ಮಹಿಳೆ. ಮಗುವನ್ನು ಶಿಕ್ಷಿಸಲು ಇರುವ ಜಾಗ ಅದಲ್ಲ. ಮಗುವೇ ಸ್ವತಃ ಸಮಿತಿಯ ಮುಂದೆ ಹೋಗಲೂ ಅವಕಾಶವಿದೆ.

ಉಮ್ಮನ ಮೇಲೆ ಕೈ ಎತ್ತುವ ಮನೆಯಾದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಇದು ಹೆಂಡತಿಗೆ ಮಾತ್ರ ಅಂತ ಅನೇಕರು ತಿಳಿದಿದ್ದಾರೆ. ಮನೆಯ ಮಗಳಿಗೂ, ಸಹೋದರಿಗೂ ಇದರ ರಕ್ಷಣೆ ಉಂಟು. ಕೋರ್ಟ್ ಕೊಡುವ ರಕ್ಷಣಾ ಆದೇಶ ಅವಳನ್ನು ನಂಬಿದವರಿಗೂ, ಅವಳ ಸಹಾಯಕ್ಕೆ ನಿಂತವರಿಗೂ ಅನ್ವಯಿಸಬಹುದು. ಅಂದರೆ ನಡುವೆ ನಿಂತ ಆ ಮಗನನ್ನು ಕಾನೂನು ಇಲ್ಲಿ ಕಂಡಿದೆ. ಹಿಂಸೆ ನಡೆಯುತ್ತಿದೆ ಅಂತ ರಕ್ಷಣಾಧಿಕಾರಿಗೆ ಯಾರು ಬೇಕಾದರೂ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ ಎಂದು 4ನೇ ಕಲಮು ಭರವಸೆ ಕೊಡುತ್ತದೆ. ಹೆಂಗಸರ ಸಹಾಯವಾಣಿ 181.

ಮನಸ್ಸಿನ ಕಾಯಿಲೆ ಅನ್ನಿಸಿದರೆ, ಯಾರಾದರೂ ಬದುಕು ಬೇಡ ಅನ್ನುತ್ತಿದ್ದರೆ, ಟೆಲಿ ಮಾನಸ್ 14416. 2022ರ ಅಕ್ಟೋಬರಿನಲ್ಲಿ ಶುರುವಾದ ಸೇವೆ ಇದು, ಕನ್ನಡದಲ್ಲೂ ಮಾತಾಡುತ್ತಾರೆ, ಹಣ ಬೇಡ. ಭಾರ ಹೊತ್ತ ಅಕ್ಕ, ಅಣ್ಣ ತಮಗೋಸ್ಕರವೇ ಅಲ್ಲಿಗೆ ಕರೆ ಮಾಡಬಹುದು. ವಕೀಲರ ಸಹಾಯಕ್ಕೆ ಕಾನೂನು ಸೇವಾ ಪ್ರಾಧಿಕಾರದ 15100 ಇದೆ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ.

ಹಣದ ವಿಷಯ. ವಿಧವೆ, ವಿಚ್ಛೇದಿತೆ ಅಥವಾ ಮನೆಯವರು ಕೈಬಿಟ್ಟ ತಾಯಿಯ ಮಕ್ಕಳಿಗೆ, ಸಂಬಂಧಿಕರ ಮನೆಯಲ್ಲಿ ಬೆಳೆಯುವ ಅನಾಥ ಮಕ್ಕಳಿಗೆ ‘ಮಿಷನ್ ವಾತ್ಸಲ್ಯ’ದ ಪ್ರಾಯೋಜಕತ್ವ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ನಗರದಲ್ಲಿ ಕುಟುಂಬದ ವಾರ್ಷಿಕ ಆದಾಯ 96,000 ರೂಪಾಯಿ ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಬೇಕರಿ ಕೌಂಟರಿಗೆ ಹೋಗಬೇಕಾದ ಒಬ್ಬ ಹುಡುಗನನ್ನು ಇಷ್ಟು ಹಣ ಶಾಲೆಯಲ್ಲೇ ಉಳಿಸಬಹುದು.

ಹದಿನೆಂಟು ದಾಟಿದ ಅಣ್ಣ, ಅಕ್ಕ ಚಿಕ್ಕವರ ಜವಾಬ್ದಾರಿಯನ್ನು ನಿಜಕ್ಕೂ ಹೊರಲೇಬೇಕಾಗಿ ಬಂದರೆ ಅದನ್ನು ಕಾಗದದ ಮೇಲೆ ತರುವುದು ಒಳ್ಳೆಯದು. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಪೋಷಕತ್ವಕ್ಕೆ ಕೋರ್ಟಿಗೆ ಅರ್ಜಿ ಹಾಕಬಹುದು. ಅಲ್ಲಿ ಅಳತೆಗೋಲು ಮಗುವಿನ ಹಿತ. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ‘ನೀನು ಯಾರು ಸಹಿ ಹಾಕಲಿಕ್ಕೆ’ ಅಂತ ಕೇಳಿದಾಗ ತಲೆ ತಗ್ಗಿಸಿ ನಿಲ್ಲುವುದು ತಪ್ಪುತ್ತದೆ.

ಜಮಾಅತಿನವರಿಗೆ, ಬಂಧುಗಳಿಗೆ ಒಂದು ಮಾತು

ಕುರ್‌ಆನಿನಲ್ಲಿ ಒಬ್ಬ ಅಕ್ಕನ ಪ್ರಸಂಗವಿದೆ, ಮದ್ರಸದಲ್ಲಿ ಎಲ್ಲರೂ ಕಲಿತದ್ದೇ. ಫಿರ್‌ಔನನ ಕಾಲದಲ್ಲಿ ಕೂಸು ಮೂಸಾರನ್ನು ಪೆಟ್ಟಿಗೆಯಲ್ಲಿಟ್ಟು ನದಿಗೆ ಬಿಟ್ಟ ತಾಯಿ, ಹಿಂದೆಯೇ ಹೋಗಿ ನೋಡು ಅಂತ ಮಗಳನ್ನು ಕಳಿಸುತ್ತಾರೆ. ಹುಡುಗಿ ದೂರದಿಂದ ನೋಡುತ್ತಾ ಹೋಗುತ್ತಾಳೆ. ಅರಮನೆಯಲ್ಲಿ ಕೂಸು ಯಾರ ಹಾಲೂ ಕುಡಿಯದೆ ಇದ್ದಾಗ, ಇದನ್ನು ಚೆನ್ನಾಗಿ ಸಾಕಬಲ್ಲ ಒಂದು ಮನೆ ತೋರಿಸಲೇ ಅಂತ ಕೇಳುತ್ತಾಳೆ. ಕೂಸು ತಾಯಿಯ ಮಡಿಲಿಗೆ ಮರಳುತ್ತದೆ.

ಈ ಪ್ರಸಂಗವನ್ನು ನಾವು ಅಕ್ಕನ ಜಾಣ್ಮೆಗೆ ಉದಾಹರಣೆಯಾಗಿ ಹೇಳುತ್ತೇವೆ. ಇನ್ನೊಂದು ವಿಷಯವೂ ಅದರಲ್ಲಿದೆ. ಆ ಹುಡುಗಿ ನೀರಿಗೆ ಹಾರಲಿಲ್ಲ, ಫಿರ್‌ಔನನ ಸೈನಿಕರ ಎದುರು ನಿಲ್ಲಲಿಲ್ಲ, ತಮ್ಮನನ್ನು ಒಬ್ಬಳೇ ಸಾಕುವ ಹೊಣೆಯನ್ನೂ ಹೊತ್ತುಕೊಳ್ಳಲಿಲ್ಲ. ಕಣ್ಣಿಟ್ಟು ನೋಡಿದಳು, ಸರಿಯಾದ ದೊಡ್ಡವರಿಗೆ ಸರಿಯಾದ ಮಾತು ತಲುಪಿಸಿದಳು. ಅಷ್ಟು ಮಾಡಿದರೆ ಸಾಕಿತ್ತು. ಯಾಕೆಂದರೆ ಅವಳ ಮಾತು ಕೇಳಿಸಿಕೊಂಡು ಬಾಗಿಲು ತೆರೆದ ದೊಡ್ಡವರು ಆ ಕಡೆ ಇದ್ದರು. ನಮ್ಮ ಮಕ್ಕಳ ಕತೆಯಲ್ಲಿ ಕೊರತೆ ಇರುವುದು ಅಲ್ಲೇ. ಮಕ್ಕಳು ಹೇಳುತ್ತಿದ್ದಾರೆ, ಬಾಯಲ್ಲಿ ಅಲ್ಲದಿದ್ದರೆ ಬಿದ್ದ ಮಾರ್ಕ್ಸಿನಲ್ಲಿ, ಕಣ್ಣಿನ ಕೆಳಗಿನ ಕಪ್ಪಿನಲ್ಲಿ. ಕೇಳುವ ದೊಡ್ಡವರು ಎಲ್ಲಿದ್ದಾರೆ?

ಜಮಾಅತಿನ ಮುಂದೆ ಗಂಡ ಹೆಂಡತಿ ಜಗಳ ಬರುತ್ತದೆ. ಎರಡೂ ಕಡೆಯ ಹಿರಿಯರು ಕೂತು, ‘ಹೊಂದಿಕೊಂಡು ಹೋಗಿ’ ಅಂತ ಕಳಿಸುತ್ತಾರೆ. ಆ ಮಾತುಕತೆಯಲ್ಲಿ ಮಕ್ಕಳ ಹೆಸರು ಬರುವುದು ‘ಮಕ್ಕಳ ಮುಖ ನೋಡಿಯಾದರೂ’ ಎಂಬ ಒಂದೇ ವಾಕ್ಯದಲ್ಲಿ. ಮಕ್ಕಳ ಮುಖವನ್ನು ನಿಜವಾಗಿ ನೋಡಿದವರು ಯಾರೂ ಇರುವುದಿಲ್ಲ. ಇನ್ನು ಮೇಲೆ ಮೂರು ಪ್ರಶ್ನೆ ಕಡ್ಡಾಯವಾಗಿ ಕೇಳಲಿ. ಈ ಮನೆಯಲ್ಲಿ ಚಿಕ್ಕ ಮಕ್ಕಳನ್ನು ದಿನವೂ ನೋಡಿಕೊಳ್ಳುವುದು ಯಾರು? ಹೊಡೆತ ಉಂಟಾ? ದೊಡ್ಡ ಮಗು ಶಾಲೆಗೆ ಸರಿಯಾಗಿ ಹೋಗುತ್ತಿದೆಯಾ? ಹೊಡೆತ ಇದ್ದರೆ ರಾಜಿಯ ಮಾತು ಆಮೇಲೆ, ಮೊದಲು ಉಮ್ಮ, ಮಕ್ಕಳು ಸುರಕ್ಷಿತ ಜಾಗಕ್ಕೆ ಹೋಗಬೇಕು. ಇದು ಮನೆ ಒಡೆಯುವ ಕೆಲಸವಲ್ಲ.

ಬಂಧುಗಳಿಗೆ ಇನ್ನೂ ಸುಲಭದ ಕೆಲಸ ಉಂಟು. ಕೆಂಗೇರಿಯಲ್ಲಿ ಮಾಮ ಇದ್ದಾರೆ, ವಿಜಯನಗರದಲ್ಲಿ ತಂಗಿಯ ಮನೆ. ಎರಡೂ ಮೆಟ್ರೊದ ನೇರಳೆ ಮಾರ್ಗದಲ್ಲೇ ಇವೆ, ರೈಲು ಬದಲಿಸುವುದೂ ಬೇಡ. ಊರಿನ ಪಕ್ಕದ ಮನೆ ಇಲ್ಲಿಲ್ಲ ನಿಜ, ಆದರೆ ದೂರ ಅಂತ ನೆಪ ಹೇಳುವಷ್ಟು ದೂರವೂ ಇಲ್ಲ. ವಾರಕ್ಕೊಮ್ಮೆ ಹೋಗಿ. ಚಿಕ್ಕವರನ್ನು ಶನಿವಾರ ರಾತ್ರಿ ನಿಮ್ಮ ಮನೆಗೆ ಕರೆದುಕೊಂಡು ಬನ್ನಿ. ಪರೀಕ್ಷೆ ಇದ್ದರೆ ದೊಡ್ಡವಳನ್ನೂ ಕರೆತನ್ನಿ, ಓದಲಿ, ಹೊಟ್ಟೆ ತುಂಬ ಉಂಡು ನಿದ್ದೆ ಮಾಡಲಿ. ಒಂದು ಫೋನ್ ನಂಬರ್ ಕೊಟ್ಟು, ‘ರಾತ್ರಿ ಎರಡು ಗಂಟೆಯಾದರೂ ಮಾಡು, ಯಾಕೆ ಅಂತ ಕೇಳುವುದಿಲ್ಲ’ ಅನ್ನಿ. ಅನ್ನುವುದು ಸುಲಭ, ಎರಡು ಗಂಟೆಗೆ ಫೋನ್ ಬಂದಾಗ ಎತ್ತಬೇಕು.

ಉಸ್ತಾದರಿಗೆ, ಟೀಚರುಗಳಿಗೆ ಒಂದು ವಿನಂತಿ. ತಮ್ಮನ ಬ್ಯಾಗನ್ನೂ ತಾನೇ ಹೊತ್ತು ಬರುವ, ತಂಗಿ ಉಂಡಳಾ ಅಂತ ನೋಡಿ ಆಮೇಲೆ ತಾನು ಉಣ್ಣುವ ಮಗುವನ್ನು ಕಂಡರೆ ಹೊಗಳಿ ಬಿಟ್ಟುಬಿಡಬೇಡಿ. ಪಕ್ಕಕ್ಕೆ ಕರೆದು, ‘ನಿನ್ನದು ಹೇಗಿದೆ ಮಗಳೇ’ ಅಂತ ಕೇಳಿ. ಮೊದಲ ದಿನ ‘ಚೆನ್ನಾಗಿದೆ’ ಅನ್ನುತ್ತಾಳೆ. ಮೂರನೇ ಸಲ ಕೇಳಿದಾಗ ಹೇಳಬಹುದು.

ಹೆತ್ತವರಿಗೂ ಒಂದು ಮಾತಿದೆ. ಕಷ್ಟದ ದಿನ ಯಾರ ಮನೆಗೂ ಬರುತ್ತದೆ. ಆ ದಿನಗಳಲ್ಲಿ ದೊಡ್ಡ ಮಗು ಕೈ ಹಿಡಿದರೆ ಅದು ರಹ್ಮತ್. ಆದರೆ ಕೈ ಹಿಡಿಯುವುದಕ್ಕೂ ಹೊತ್ತುಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಮಕ್ಕಳು ನಮಗೆ ಅಮಾನತ್. ಒಂದು ಅಮಾನತ್ತನ್ನು ಕಾಯಲು ಇನ್ನೊಂದು ಅಮಾನತ್ತನ್ನು ಸವೆಸಬಾರದು.

ಕೊನೆಗೆ, ಈ ಪುಟ ಓದುತ್ತಿರುವ ದೊಡ್ಡ ಮಗಳಿಗೆ, ದೊಡ್ಡ ಮಗನಿಗೆ. ತಮ್ಮ, ತಂಗಿ ಅಂದರೆ ನಿಮಗೆ ಜೀವ ಅಂತ ನಮಗೆ ಗೊತ್ತು, ಆ ಪ್ರೀತಿ ಬಿಡಿ ಅಂತ ಯಾರೂ ಹೇಳುವುದಿಲ್ಲ. ಆದರೆ ಮನೆಯ ಜಗಳ ನಿಮ್ಮಿಂದ ಶುರುವಾದದ್ದಲ್ಲ, ಅದನ್ನು ನಿಲ್ಲಿಸುವ ಕೆಲಸವೂ ನಿಮ್ಮದಲ್ಲ. ಒಬ್ಬರು ದೊಡ್ಡವರನ್ನು ಆರಿಸಿಕೊಂಡು ಹೇಳಿ. ಅವರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಯಾರೂ ಸಿಗದಿದ್ದರೆ 1098. ಹಾಗೆ ಹೇಳುವುದು ಮನೆಯವರಿಗೆ ಮಾಡುವ ದ್ರೋಹ ಅಲ್ಲ. ಆಮೇಲೆ ಹೋಗಿ ಓದಿಕೊಳ್ಳಿ, ಆಡಿಕೊಳ್ಳಿ, ನಿದ್ದೆ ಮಾಡಿ. ಎಚ್ಚರ ಇರಬೇಕಾದವರು ನಾವು.